ಖುರ್ಬಾನಿಯ ಅರ್ಥ

ಬಕ್ರೀದ್ ಸಮೀಪಿಸಿದಂತೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ ಟಗರು, ಹೋತಗಳಿಗೆ ಬೇಡಿಕೆ ಏರುತ್ತದೆ. ಸಾಕಿ ಮಾರುವ ರೈತನಿಗೂ ಅದೊಂದು ಸುಗ್ಗಿಯೇ ಸರಿ. ಜುಲ್‌ಹಜ್ ತಿಂಗಳ 10ನೆಯ ದಿನ ಮುಸಲ್ಮಾನರು ಸಾಮೂಹಿಕ ಪ್ರಾರ್ಥನೆ ಸಲ್ಲಿಸಿ, ಆ ಬಳಿಕವೇ ಖುರ್ಬಾನಿ ನೀಡುತ್ತಾರೆ. ಪ್ರಾರ್ಥನೆಗೆ ಮೊದಲೇ ಕೊಯ್ದದ್ದು ಬರಿಯ ಮಾಂಸವೇ ಹೊರತು ಖುರ್ಬಾನಿ ಎನಿಸದು.

ಪ್ರವಾದಿ ಇಬ್ರಾಹಿಮರು ದೇವಾಜ್ಞೆಗೆ ತಲೆಬಾಗಿ ಪ್ರಿಯಪುತ್ರ ಇಸ್ಮಾಯಿಲರನ್ನೇ ಅರ್ಪಿಸಲು ಸಿದ್ಧರಾದರು. ದೇವನು ಮಗನನ್ನು ಉಳಿಸಿ, ಬದಲಿಗೆ ಟಗರನ್ನು ಕರುಣಿಸಿದನು ಎಂಬುದು ಮುಸಲ್ಮಾನರ ನಂಬಿಕೆ. ಇದರ ಸ್ಮರಣೆಯೇ ಈ ಹಬ್ಬ. ಹಾಗೆಂದು ದೇವರು ನೆತ್ತರನ್ನು ಬಯಸುತ್ತಾನೆಂದು ಭಾವಿಸಬಾರದು. ಆತನಿಗೆ ಸಲ್ಲುವುದು ಕೊಡುವವನ ಭಯಭಕ್ತಿ ಮಾತ್ರವೆಂಬುದನ್ನು ಕುರಾನಿನ 22ನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ.

ಆದುದರಿಂದಲೇ ಕಟ್ಟಳೆಗಳು ಬಿಗಿಯಾಗಿವೆ. ಕುಂಟು, ಕುರುಡು, ಬಡಕಲು ಪ್ರಾಣಿ ಸಲ್ಲದು; ತನಗೆ ಬೇಡವಾದುದನ್ನು ಕೊಟ್ಟರೆ ತ್ಯಾಗವೆಲ್ಲಿ ಬಂತು? ಪ್ರಾಣಿಯ ಕಣ್ಣೆದುರು ಕತ್ತಿ ಮಸೆಯಬಾರದು. ಒಂದರ ಮುಂದೆ ಮತ್ತೊಂದನ್ನು ಕೊಯ್ಯಬಾರದು. ಕೊಯ್ದವನ ಕೂಲಿಯನ್ನು ಅದರ ಮಾಂಸದಿಂದಾಗಲಿ ಚರ್ಮದಿಂದಾಗಲಿ ತೀರಿಸದೆ ಬೇರೆಯಾಗಿಯೇ ಕೊಡಬೇಕು. ಅರ್ಪಿಸಿದ್ದರಲ್ಲೇ ಖರ್ಚನ್ನು ಮುರಿದುಕೊಂಡರೆ ಅದು ವ್ಯಾಪಾರವಾದೀತು! ಚರ್ಮವನ್ನು ಮಾರಿದರೆ ಆ ಹಣ ದಾನಕ್ಕೆ ಸೇರಬೇಕು.

ಖುರ್ಬಾನಿ ಅನುಕೂಲವುಳ್ಳವರ ಕರ್ತವ್ಯ. ಸಾಲ ಮಾಡಿಯಾದರೂ ನೀಡಬೇಕೆಂಬ ವಿಧಿಯಿಲ್ಲ. ದುಬಾರಿ ಟಗರನ್ನು ತಂದು ಬೀದಿಯಲ್ಲಿ ಮೆರೆಸುವವರೂ ಇಲ್ಲದಿಲ್ಲ; ಅದು ಹಬ್ಬದ ಉದ್ದೇಶಕ್ಕೆ ದೂರವಾದುದು. ಮಾಂಸವನ್ನು ವಾಡಿಕೆಯಂತೆ ಮೂರು ಪಾಲು ಮಾಡುತ್ತಾರೆ. ಒಂದು ಮನೆಗೆ, ಒಂದು ನೆಂಟರಿಷ್ಟರಿಗೆ, ಉಳಿದುದು ಬಡವರಿಗೆ. ವರ್ಷದಲ್ಲಿ ಅಪರೂಪವಾಗಿ ಮಾಂಸ ಕೊಳ್ಳಬಲ್ಲ ಮನೆಯಲ್ಲೂ ಅಂದು ಹಬ್ಬದ ಅಡುಗೆ ನಡೆಯುವುದು ಈ ಮೂರನೆಯ ಪಾಲಿನಿಂದ.