ಉಗುಳಿನ ಪರೀಕ್ಷೆ ಬಂದಾಗ ಬರಲಿ, ಬಾಯಿ ಈಗಲೇ ತೋರಿಸು

ತಮ್ಮಾ, ಕೆನ್ನೆಯೊಳಗೆ ಬಿಳಿ ಮಚ್ಚೆ ಇಟ್ಟುಕೊಂಡು, ‘ಉಗುಳು ಪರೀಕ್ಷೆ ಮಾಡಿ ಕ್ಯಾನ್ಸರ್ ಹೇಳುತ್ತಾರಂತೆ, ಅದು ಬರಲಿ’ ಎಂದು ಕೂತಿದ್ದೀಯಲ್ಲ, ಅದಕ್ಕೇ ಇಷ್ಟು ಹೇಳುವುದು. ನೀನು ಓದಿದ ಸುದ್ದಿ ಸುಳ್ಳಲ್ಲ. ಆದರೆ ಅದು ಇನ್ನೂ ನಿನ್ನ ಕೆನ್ನೆಯ ತನಕ ಬಂದಿಲ್ಲ.

ಆ ಪರೀಕ್ಷೆ ಹುಡುಕುವುದು ಮೈಕ್ರೋ ಆರ್‌ಎನ್‌ಎಯನ್ನು. ಅದು ಅಂದರೆ ಜೀವಕೋಶದೊಳಗಿನ ಬಲು ಪುಟ್ಟ ತುಣುಕು, ಸುಮಾರು 22 ಅಕ್ಷರದಷ್ಟು. ವಂಶವಾಹಿಯ ಆಜ್ಞೆ ಹೊತ್ತು ಹೊರಟ ಸಂದೇಶವನ್ನು ತಡೆದು ಅಡಗಿಸುವುದು ಅದರ ಕೆಲಸ. ಡಂಗುರ ಸಾರುವವನ ಬಾಯಿ ಮುಚ್ಚಿಸಿದ ಹಾಗೆ. 1993ರಲ್ಲಿ ಒಂದು ಮಿಲಿಮೀಟರಿನ ಹುಳುವಿನಲ್ಲಿ ಇದನ್ನು ಕಂಡ ಆಂಬ್ರೋಸ್ ಮತ್ತು ರವ್‌ಕನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಸುಮ್ಮನಾಗಿಸಬಾರದ ವಂಶವಾಹಿಯನ್ನು ಈ ತುಣುಕು ಸುಮ್ಮನಾಗಿಸಿದರೆ ಕೇಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದು ಅದನ್ನೇ: ಬಾಯಿ ಕ್ಯಾನ್ಸರಿನಲ್ಲಿ ಮಿಆರ್-155 ಎಂಬ ತುಣುಕು ಹೆಚ್ಚಾಗಿ, ಗಡ್ಡೆ ಬೆಳೆಯದಂತೆ ಕಾಯುವ ಸಿಡಿಸಿ73 ವಂಶವಾಹಿಯನ್ನು ಅಡಗಿಸುತ್ತದೆ. ಮಿಆರ್-21, ಮಿಆರ್-31 ಕೂಡ ಹೀಗೇ ಏರುತ್ತವೆ. ಇಂಥವು ಉಗುಳಿನಲ್ಲಿಯೂ ಬೇಗ ಕೆಡದೆ ಸಿಗುತ್ತವೆ.

ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆಗುತ್ತದೆ ಎಂದು ಬರಿಗಣ್ಣಿಗೆ ತಿಳಿಯುವುದೂ ಇಲ್ಲ. ಈ ತುಣುಕುಗಳ ಮೇಲೆ ವೈದ್ಯರಿಗೆ ಆಸೆ ಇರುವುದು ಅಲ್ಲಿಯೇ. ಆದರೆ ವಸಡು ಬಾತರೂ ಇವುಗಳ ಲೆಕ್ಕ ಏರುಪೇರಾದೀತು, ಒಂದು ಲ್ಯಾಬಿನ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ಇವತ್ತಿಗೂ ಕೊನೆಯ ಮಾತು ಬಯಾಪ್ಸಿಯದೇ. ‘ಕತ್ತರಿ ತಾಗಿಸಿದರೆ ಹಬ್ಬುತ್ತದೆ’ ಎಂದು ಕಟ್ಟೆ ಮೇಲೆ ಕೂತವರು ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ಚೂರು ತೆಗೆದು ನೋಡಿದ್ದರಿಂದ ಹಬ್ಬುವುದಿಲ್ಲ, ನೋಡದೆ ಬಿಟ್ಟರೆ ಹಬ್ಬೀತು.

ಹಾಗೆಂದು ಬರಿಗಣ್ಣಿನ ನೋಟ ದಂಡವಲ್ಲ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬರೀ ಕಣ್ಣಿನಿಂದ ಜನರ ಬಾಯಿ ನೋಡುತ್ತಾ ಹೋದರು. ತಂಬಾಕು, ಹೆಂಡದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲು ತಗ್ಗಿತೆಂದು 2005ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು. ನನಗೆ ನೊಬೆಲ್ಲಿಗಿಂತ ಈ ಸುದ್ದಿಯೇ ದೊಡ್ಡದು.

ನೀನೇ ಕನ್ನಡಿ ಮುಂದೆ ನಿಲ್ಲು. ಉಜ್ಜಿದರೂ ಹೋಗದ ಬಿಳಿ, ಅದಕ್ಕಿಂತ ಹೆಚ್ಚು ಭಯಪಡಬೇಕಾದ ಕೆಂಪು, ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ ನೋಡು. ಮೂರು ಬೆರಳು ಒಂದರ ಮೇಲೊಂದಿಟ್ಟರೆ ಬಾಯೊಳಗೆ ಹೋಗುತ್ತವೆಯೇ? ಮಿರ್ಚಿ ಮಂಡಕ್ಕಿ ತಿಂದರೆ ಮೊದಲಿಲ್ಲದ ಉರಿ ಈಗ ಬರುತ್ತದೆಯೇ? ಬೆರಳು ಹೋಗದಿದ್ದರೆ, ಉರಿ ಬಂದರೆ, ಅಡಿಕೆ ಕೆನ್ನೆಯನ್ನು ಬಿಗಿಯುತ್ತಿದೆ ಎಂದು ತಿಳಿ. ‘ತಂಬಾಕಿಲ್ಲ, ಬರೀ ಅಡಿಕೆ’ ಎಂದು ಜಾರಿಕೊಳ್ಳಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೇ ಸೇರಿಸಿದೆ. ಗುಟ್ಕಾವನ್ನು ನಮ್ಮ ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿತು. ಅಂಗಡಿಯವನು ಮಸಾಲೆಯದೊಂದು, ತಂಬಾಕಿನದೊಂದು ಎಂದು ಎರಡು ಚೀಟಿ ಕೊಡುತ್ತಾನೆ, ನೀವು ಬಾಯಲ್ಲೇ ಬೆರೆಸಿಕೊಳ್ಳುತ್ತೀರಿ. ಕಾನೂನಿಗಿಂತ ನೀವು ಜಾಣರು!

ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಇರುವುದು ನಮ್ಮೂರು ಚಿಗಟೇರಿಯ ಹೆಸರೇ. ದಾವಣಗೆರೆಯಲ್ಲೇ ಬಾಪೂಜಿ ದಂತ ಕಾಲೇಜೂ ಇದೆ. ಸಂತೆ, ಬಿತ್ತನೆ ಎಂದು ಮುಂದೂಡದೆ ಈ ವಾರವೇ ಹೋಗು, ರೇಷನ್ ಕಾರ್ಡು, ಆಧಾರ್ ಮರೆಯಬೇಡ. ಹೋಗುವಾಗ ನಿಮ್ಮವ್ವನನ್ನೂ ಜೊತೆಗೆ ಕರೆದುಕೋ. ಎಲೆಯಡಿಕೆ ಸಂಚಿ ಬಿಡದ ಅವಳ ಬಾಯಿಯನ್ನು ಇಷ್ಟು ವರ್ಷ ಯಾರೂ ನೋಡಿಲ್ಲ.