ಇಂಗ್ಲಿಷಿನ ಬೇರ್ಪಡುವ ಕ್ರಿಯಾಪದಗಳು: ಪದಕ್ರಮದ ಒಂದು ವಿಚಾರ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್ ಆಡುವ ದೆಹಲಿಯ ಕನ್ನಡ ಮಕ್ಕಳು ‘ಸ್ವಿಚ್ ಆಫ್ ಇಟ್’ ಎನ್ನುವುದುಂಟು. ‘ಸ್ವಿಚ್ ಇಟ್ ಆಫ್’ ಎಂದು ತಿದ್ದುತ್ತೇವೆ, ಕಾರಣ ಹೇಳುವುದಿಲ್ಲ. ‘ಸ್ವಿಚ್ ಆಫ್ ದ ಫ್ಯಾನ್’, ‘ಸ್ವಿಚ್ ದ ಫ್ಯಾನ್ ಆಫ್’ ಎರಡೂ ಸಾಧುವಾಗಿರಲು, ಸರ್ವನಾಮ ಬಂದೊಡನೆ ಒಂದೇ ಕ್ರಮ ಉಳಿಯುವುದೇಕೆ?

ಈ ತಪ್ಪು ಅಜ್ಞಾನದಿಂದ ಬಂದುದಲ್ಲವೆಂದು ನನ್ನ ಎಣಿಕೆ. ಕನ್ನಡದ ‘ಓದಿಬಿಟ್ಟ’ ಎಂಬ ಸಂಯುಕ್ತ ಕ್ರಿಯೆಯನ್ನು ನೋಡೋಣ. ‘ಪುಸ್ತಕವನ್ನು ಓದಿಬಿಟ್ಟ’ ಎಂದರೆ ಓದುವ ಕ್ರಿಯೆ ಮುಗಿಯಿತು. ‘ಓದಿ ಪುಸ್ತಕವನ್ನು ಬಿಟ್ಟ’ ಎಂದರೆ ಪುಸ್ತಕವನ್ನೇ ಬಿಟ್ಟುಹೋದ! ಕರ್ಮಪದ ನಡುವೆ ನುಗ್ಗಿದರೆ ಸಹಾಯಕ ಕ್ರಿಯೆ ತನ್ನ ಮೂಲಾರ್ಥಕ್ಕೆ ಮರಳುತ್ತದೆ. ನಡುವೆ ಸುಲಭವಾಗಿ ಸೇರುವುದು ಅವಧಾರಣೆಯ ‘ಏ’ಕಾರದಂತಹ ಅವ್ಯಯ: ‘ಓದಿಯೇ ಬಿಟ್ಟ’. ಹಿಂದಿಯೂ ಹೆಚ್ಚುಕಡಿಮೆ ಹೀಗೆಯೇ. ‘ಬಂದೇ ಬಿಟ್ಟ’ ಎಂಬುದಕ್ಕೆ ಅಲ್ಲಿ ‘ಆ ಹೀ ಗಯಾ’ ಎನ್ನುತ್ತಾರೆ. ಎರಡು ಭಾಷೆಗಳ ಈ ಸಂಸ್ಕಾರ ಪಡೆದ ಮಗುವಿಗೆ ‘ಸ್ವಿಚ್ ಆಫ್’ ಅಖಂಡ ಪದವೆಂದೇ ತೋರುತ್ತದೆ. ನಾವಾದರೋ ‘ಆಫ್ ಮಾಡು’ ಎಂದು ಇಂಗ್ಲಿಷಿನ ಕ್ರಿಯಾಪದವನ್ನೇ ಕೈಬಿಟ್ಟು ಅವ್ಯಯವನ್ನು ಉಳಿಸಿಕೊಂಡಿದ್ದೇವೆ.

ಇನ್ನು ಕಾರಣ. ಇಂಗ್ಲಿಷ್ ವಾಕ್ಯದ ಕೊನೆ ಸಾಮಾನ್ಯವಾಗಿ ಹೊಸ ಸಂಗತಿಗೆ ಮೀಸಲು. ಒತ್ತು ಬೀಳುವುದೂ ಅಲ್ಲಿಯೇ. ‘ಇಟ್’ ಆಗಲೇ ತಿಳಿದ ವಸ್ತುವನ್ನು ಸೂಚಿಸುವ, ಒತ್ತಿಲ್ಲದ ಪದ, ಆದ್ದರಿಂದ ಒಳಸರಿಯುತ್ತದೆ. ಸರ್ವನಾಮಕ್ಕೆ ವಿಶೇಷ ಒತ್ತು ಕೊಟ್ಟು ‘ಇವನನ್ನು, ಅವಳನ್ನಲ್ಲ’ ಎಂಬರ್ಥದಲ್ಲಿ ಆಡಿದಾಗ ‘ಪಿಕ್ ಅಪ್ ಹಿಮ್’ ಕೂಡ ಕೆಲವರ ಮಾತಿನಲ್ಲಿ ಸಲ್ಲುತ್ತದೆಂಬುದು ಗಮನಾರ್ಹ.

ಕನ್ನಡಕ್ಕೆ ಈ ತತ್ತ್ವ ಹೊಸದಲ್ಲ. ಸ್ಥಾನ ಮಾತ್ರ ಬೇರೆ. ‘ಪುಸ್ತಕವನ್ನು ಯಾರು ತಂದರು?’ ಎಂದರೆ ‘ಪುಸ್ತಕವನ್ನು ರಾಮ ತಂದ’ ಎನ್ನುತ್ತೇವೆ. ತಿಳಿದುದು ಮುಂದೆ ಹೋಗಿ, ಹೊಸದು ಕ್ರಿಯಾಪದದ ಬೆನ್ನಿಗೆ ನಿಲ್ಲುತ್ತದೆ. ಈ ಉದಾಹರಣೆಯಿಂದ ಪಾಠ ಆರಂಭಿಸಿದರೆ ನಿಯಮವನ್ನು ಉರುಹೊಡೆಸಬೇಕಾಗಿಲ್ಲ.

ಆದರೆ ಒಂದು ಎಚ್ಚರಿಕೆ: ‘ಲುಕ್ ಇಟ್ ಅಪ್’ ಬೇರ್ಪಡುತ್ತದೆ, ‘ಲುಕ್ ಆಫ್ಟರ್ ಇಟ್’ ಬೇರ್ಪಡದು. ಎರಡನೆಯದರಲ್ಲಿ ‘ಆಫ್ಟರ್’ ಉಪಸರ್ಗಾವ್ಯಯ. ತನ್ನ ನಾಮಪದವನ್ನು ಅದು ಹಿಂದೆಯೇ ಇಟ್ಟುಕೊಳ್ಳುತ್ತದೆ. ಈ ಭೇದಕ್ಕೆ ಕನ್ನಡದಲ್ಲಿ ಆಸರೆಯಿಲ್ಲ. ಇಲ್ಲಿ ಬಳಕೆಯೇ ಗುರು.