ಹಣದ ಸಾಗಣೆಯ ಕೂಲಿ

ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಜನರು ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ದುಡಿಯುವುದು ಹೊಸತಲ್ಲ. ದುಡಿಯುವವನು ದೂರದಲ್ಲಿ, ಉಣ್ಣುವವರು ಊರಿನಲ್ಲಿ. ನಡುವೆ ಹಣ ಸಾಗಬೇಕಾದರೆ ಕೂಲಿ ತಪ್ಪದು. ಹಿಂದೆ ಮನಿಯಾರ್ಡರಿಗೆ 20 ರೂಪಾಯಿಗೆ 1 ರೂಪಾಯಿಯಂತೆ ಶೇಕಡಾ 5ರಷ್ಟು ಕೂಲಿ ತೆರಬೇಕಾಗಿತ್ತು. ಆ ಹಳೆಯ ಪದ್ಧತಿ 2015ರಲ್ಲಿ ನಿಂತಿತು. 2016ರಲ್ಲಿ ಯು.ಪಿ.ಐ. ಬಂದಮೇಲೆ ದೇಶದೊಳಗೆ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹಣವು ಕೂಲಿಯಿಲ್ಲದೆ ಸಾಗುತ್ತಿದೆ. ಹೊರದೇಶದಿಂದ ಬರುವ ಹಣಕ್ಕೆ ಮಾತ್ರ ಕೂಲಿ ಉಳಿದಿದೆ.

ಈಚೆಗೆ ದುಬೈಯಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೇಳಿದನು: “ಗುರುಗಳೆ, ತಂಗಿಯ ಮದುವೆಗೆ ವಾರವಾರವೂ ಹಣ ಕಳಿಸುತ್ತಿದ್ದೇನೆ. ಕ್ರಿಪ್ಟೊ ನಾಣ್ಯದಲ್ಲಿ ಕಳಿಸಿದರೆ ಖರ್ಚು ಕಡಿಮೆಯೆನ್ನುತ್ತಾರೆ. ನಿಜವೆ?” ಅವನಿಗೆ ಹೇಳಿದ ಲೆಕ್ಕವನ್ನೇ ವಿದ್ಯಾರ್ಥಿಗಳಿಗೂ ಪೋಷಕರಿಗೂ ಇಲ್ಲಿ ನಿವೇದಿಸುತ್ತೇನೆ.

ನಮ್ಮೂರಿನ ಸೀರೆಯ ಗಂಟನ್ನು ಲಾರಿಗೆ ಹಾಕುವಾಗ ಬಾಡಿಗೆಯನ್ನು ಗಂಟಿನ ಗಾತ್ರ ನೋಡಿ ಕಟ್ಟುತ್ತಾರಲ್ಲದೆ ಸೀರೆಯ ಬೆಲೆ ನೋಡಿ ಅಲ್ಲ. ಬಿಟ್‌ಕಾಯಿನ್ನಿನ ಜಾಲವೂ ಹಾಗೆಯೇ. ಕಳುಹಿಸುವ ಮೊತ್ತ ಎಷ್ಟೇ ಇರಲಿ, ಆ ವ್ಯವಹಾರದ ಬರಹವು ದಾಖಲೆಯಲ್ಲಿ ಹಿಡಿಯುವ ಜಾಗಕ್ಕೆ ಶುಲ್ಕ ಬೀಳುತ್ತದೆ. ಸುಮಾರು 10 ನಿಮಿಷಕ್ಕೊಂದು ಪುಟ ಮಾತ್ರ ದಾಖಲೆಗೆ ಸೇರುವುದರಿಂದ, ನೂಕುನುಗ್ಗಲಾದರೆ ಹೆಚ್ಚು ಕೊಟ್ಟವರಿಗೇ ಮೊದಲ ಸ್ಥಾನ. 2024ರ ಏಪ್ರಿಲ್ 20ರಂದು ಸರಾಸರಿ ಶುಲ್ಕವು 100 ಡಾಲರನ್ನು ಮೀರಿತ್ತು.

ಇದರಿಂದ ಖರ್ಚು ತಗ್ಗಿಸುವ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಒಂದನೆಯದು, ಜಾಲದಲ್ಲಿ ಸಂದಣಿಯಿಲ್ಲದ ವೇಳೆಯನ್ನು ಕಾಯುವುದು. ಎರಡನೆಯದು, ನಾಲ್ಕು ಸಲ ಕಳಿಸುವುದನ್ನು ಒಂದೇ ಗಂಟಾಗಿ ಕಟ್ಟುವುದು. ಮೂರನೆಯದು, 2017ರಲ್ಲಿ ಜಾರಿಗೆ ಬಂದ ಹೊಸ ಬಗೆಯ ವಿಳಾಸವನ್ನು ಬಳಸುವುದು. ಅದು ಕಡಿಮೆ ಜಾಗ ಹಿಡಿಯುತ್ತದೆ. ನಾಲ್ಕನೆಯದು, ಲೈಟ್ನಿಂಗ್‌ನಂತಹ ಉಪಜಾಲದ ಮೂಲಕ ಸಾಗಿಸುವುದು. ಅಲ್ಲಿ ಸಣ್ಣ ಮೊತ್ತಕ್ಕೆ ಅತ್ಯಲ್ಪ ಶುಲ್ಕ ಸಾಕು.

ಆದರೆ ಜಾಲದ ಶುಲ್ಕವೊಂದೇ ಖರ್ಚಲ್ಲ. ಒಂದು ಲೆಕ್ಕ ಮಾಡೋಣ. 10,000 ರೂಪಾಯಿ ಬೆಲೆಯ ಹಣದಿಂದ ನಾಣ್ಯ ಕೊಳ್ಳುವಾಗ ಶೇಕಡಾ ಅರ್ಧದಂತೆ 50 ರೂಪಾಯಿ ಹೋಯಿತೆಂದು ಭಾವಿಸಿರಿ. ಜಾಲಕ್ಕೆ 150 ಹೋದರೆ ಉಳಿದುದು 9,800. ಊರಿನಲ್ಲಿ ಮಾರುವಾಗ ಮತ್ತೆ ಶೇಕಡಾ ಅರ್ಧ, ಅಂದರೆ 49. ಬಳಿಕ 2022ರ ಜುಲೈ 1ರಿಂದ ಜಾರಿಯಲ್ಲಿರುವ ಶೇಕಡಾ 1ರ ಮೂಲತೆರಿಗೆ, ಸುಮಾರು 98. ಕೈಗೆ ಬಂದುದು 9,653. ಮೂಲತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳಬಹುದಾದರೂ ಮದುವೆಯ ದಿನಕ್ಕೆ ಅದು ಒದಗದು. ಲಾಭವಾದರೆ ಶೇಕಡಾ 30ರ ತೆರಿಗೆ ಬೇರೆ. ದಾರಿಯಲ್ಲೇ ನಾಣ್ಯದ ಬೆಲೆ ಇಳಿದರೆ ಆ ನಷ್ಟವೂ ನಮ್ಮದೇ. ತಪ್ಪು ವಿಳಾಸಕ್ಕೆ ಕಳಿಸಿ ಹಣ ಬೇರೆಯವರಿಗೆ ಸೇರಿದರೆ ಮರಳಿಸುವ ಅಂಚೆಯವನಿಲ್ಲ.

ಬ್ಯಾಂಕು ಅಥವಾ ಅಧಿಕೃತ ವಿನಿಮಯ ಸಂಸ್ಥೆಯಲ್ಲಿಯೂ ಎರಡು ಕೂಲಿಗಳಿವೆ: ಬರೆದು ತೋರಿಸುವ ಶುಲ್ಕವೊಂದು, ವಿನಿಮಯ ದರದಲ್ಲಿ ಅಡಗಿರುವ ಕೂಲಿಯೊಂದು. ಆದುದರಿಂದ “ಶುಲ್ಕವಿಲ್ಲ” ಎಂಬ ಫಲಕಕ್ಕೆ ಮರುಳಾಗಬಾರದು. “ಇಷ್ಟು ದಿರ್ಹಮ್ ಕೊಟ್ಟರೆ ಊರಿನಲ್ಲಿ ಎಷ್ಟು ರೂಪಾಯಿ ಸಿಗುತ್ತದೆ?” ಎಂಬ ಒಂದೇ ಪ್ರಶ್ನೆಯನ್ನು ಎರಡು ಮೂರು ಕಡೆ ಕೇಳಬೇಕು. 2030ರೊಳಗೆ ಇಂತಹ ಕೂಲಿಯನ್ನು ಶೇಕಡಾ 3ಕ್ಕಿಂತ ಕೆಳಗಿಳಿಸಬೇಕೆಂಬುದು ವಿಶ್ವಸಂಸ್ಥೆಯ ಗುರಿ. ನಮಗೂ ಅದೇ ಅಳತೆಗೋಲಾಗಲಿ.

ನಮ್ಮ ವಿದ್ಯಾರ್ಥಿಯು ಹೀಗೆ ಮೂರು ಕಡೆ ವಿಚಾರಿಸಿದನು. ಈಗ ಅವನು ತಿಂಗಳಿಗೆ ನಾಲ್ಕರ ಬದಲು ಒಂದೇ ಸಲ, ಬ್ಯಾಂಕಿನ ಮೂಲಕವೇ ಹಣ ಕಳಿಸುತ್ತಾನೆ. ಮೂರು ಸಲದ ಶುಲ್ಕ ಮನೆಗೇ ಉಳಿಯುತ್ತಿದೆ.

ಅಭ್ಯಾಸ: ನಿಮ್ಮ ಮನೆಗೆ ದೂರದಿಂದ ಹಣ ಬರುತ್ತಿದ್ದರೆ, ಕಳುಹಿಸಿದವರ ಕೈಬಿಟ್ಟ ಮೊತ್ತವನ್ನೂ ತಾಯಿಯ ಕೈಸೇರಿದ ಮೊತ್ತವನ್ನೂ ಬರೆದು, ನಡುವಣ ಕೂಲಿ ಶೇಕಡಾ ಎಷ್ಟೆಂದು ಕಂಡುಹಿಡಿಯಿರಿ.